ಕೊಡಗಿನಷ್ಟು ದೇಶ, ಹತ್ತೂರಿನ ತಂಡ: ಕೇಪ್ ವರ್ಡೆ ವಿಶ್ವಕಪ್‌ಗೆ ಸಿದ್ಧವಾಗುವುದು ಹೇಗೆ?

2013ರ ಸೆಪ್ಟೆಂಬರ್ 7. ಕೇಪ್ ವರ್ಡೆ ಫುಟ್ಬಾಲ್ ತಂಡ ಟುನೀಸಿಯಾಕ್ಕೆ ಹೋಗಿ, ಅವರ ನೆಲದಲ್ಲೇ ಅವರನ್ನು 2-0ಯಿಂದ ಸೋಲಿಸಿತು. ಗುಂಪಿನಲ್ಲಿ ಮೊದಲ ಸ್ಥಾನ. ಬ್ರೆಜಿಲ್‌ನಲ್ಲಿ ನಡೆಯಲಿದ್ದ 2014ರ ವಿಶ್ವಕಪ್‌ಗೆ ಇನ್ನು ಪ್ಲೇಆಫ್ ಎಂಬ ಕೊನೆಯ ಸುತ್ತೊಂದೇ ಬಾಕಿ. ಸುಮಾರು ಐದು ಲಕ್ಷ ಜನರಿರುವ ದ್ವೀಪದೇಶ ಅಷ್ಟು ದೂರ ಬಂದಿತ್ತು. ಜನ ಬೀದಿಗಿಳಿದು ಕುಣಿದರು.

ಕೆಲವೇ ದಿನದಲ್ಲಿ ವಿಶ್ವ ಫುಟ್ಬಾಲ್ ಸಂಸ್ಥೆ ಫಿಫಾದ ತೀರ್ಪು ಬಂತು. ಫರ್ನಾಂಡೊ ವರೇಲಾ ಎಂಬ ಡಿಫೆಂಡರ್ ಹಿಂದಿನ ಪಂದ್ಯವೊಂದರಲ್ಲಿ ರೆಡ್ ಕಾರ್ಡ್ ಪಡೆದಿದ್ದರು. ಅವರ ಅಮಾನತು ಇನ್ನೂ ಮುಗಿದಿರಲಿಲ್ಲ. ಆದರೂ ಅವರನ್ನು ಆಡಿಸಲಾಗಿತ್ತು. ಹಾಗಾಗಿ ಗೆಲುವು ರದ್ದಾಯಿತು, ಟುನೀಸಿಯಾ 3-0ಯಿಂದ ಗೆದ್ದಿತು ಎಂದು ದಾಖಲಾಯಿತು. ಪ್ಲೇಆಫ್‌ಗೆ ಟುನೀಸಿಯಾ ಹೋಯಿತು, ಅಲ್ಲಿ ಕ್ಯಾಮರೂನ್ ಕೈಯಲ್ಲಿ ಸೋತಿತು. ಬ್ರೆಜಿಲ್‌ಗೆ ಹೋಗಿದ್ದು ಕ್ಯಾಮರೂನ್.

ಮೈದಾನದಲ್ಲಿ ಗೆದ್ದದ್ದನ್ನು ಕಾಗದದ ಮೇಲೆ ಕಳೆದುಕೊಂಡ ಕತೆ ಇದು. ಈ ದೇಶದ ಫುಟ್ಬಾಲ್ ಅರ್ಥ ಮಾಡಿಕೊಳ್ಳಬೇಕಾದರೆ ಇಲ್ಲಿಂದಲೇ ಶುರು ಮಾಡಬೇಕು ಎಂದು ನನಗನಿಸುತ್ತದೆ. ದೊಡ್ಡ ದೇಶದ ತಂಡದ ಸಿದ್ಧತೆ ಅಂದರೆ ನಮಗೆ ನೆಟ್, ಕೋನ್, ಓಟ, ಬೆವರು ನೆನಪಾಗುತ್ತದೆ. ಸಣ್ಣ ದ್ವೀಪದೇಶದ ಸಿದ್ಧತೆಯಲ್ಲಿ ಇದೆಲ್ಲ ಕೊನೆಯ ಮೂರು ವಾರದ ಕೆಲಸ. ಅದಕ್ಕೂ ಮೊದಲಿನ ವರ್ಷಗಳೆಲ್ಲ ಫೋನು, ಪಾಸ್‌ಪೋರ್ಟು, ಅಜ್ಜನ ಜನನ ಪತ್ರ, ವಿಮಾನದ ಟಿಕೆಟ್ಟು, ಕ್ಲಬ್ಬಿನವರ ಜೊತೆ ಪತ್ರ ವ್ಯವಹಾರ ಇವುಗಳಲ್ಲೇ ಕಳೆಯುತ್ತವೆ.

ಆ ಕೆಲಸ ಈಗ ಫಲ ಕೊಟ್ಟಿದೆ. 2025ರ ಅಕ್ಟೋಬರ್ 13ರಂದು ಎಸ್ವಾಟಿನಿ ತಂಡವನ್ನು 3-0ಯಿಂದ ಸೋಲಿಸಿ ಕೇಪ್ ವರ್ಡೆ ಮೊದಲ ಸಲ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಅದೇ ಗುಂಪಿನಲ್ಲಿ ಎರಡನೆಯ ಸ್ಥಾನಕ್ಕೆ ಬಿದ್ದವರು ಯಾರು ಗೊತ್ತಾ? ಕ್ಯಾಮರೂನ್.

ಎಷ್ಟು ಸಣ್ಣದು?

ಆಫ್ರಿಕಾದ ಪಶ್ಚಿಮ ತೀರದಿಂದ ಸುಮಾರು 570 ಕಿಲೋಮೀಟರ್ ದೂರ, ಅಟ್ಲಾಂಟಿಕ್ ಸಾಗರದ ನಡುವೆ ಹತ್ತು ಜ್ವಾಲಾಮುಖಿ ದ್ವೀಪಗಳು. ಒಂಬತ್ತರಲ್ಲಿ ಜನವಸತಿ ಇದೆ. ಎಲ್ಲ ಸೇರಿದರೆ 4,033 ಚದರ ಕಿಲೋಮೀಟರ್. ನಮ್ಮ ಕೊಡಗು ಜಿಲ್ಲೆ 4,102 ಚದರ ಕಿಲೋಮೀಟರ್, 2011ರ ಜನಗಣತಿಯಲ್ಲಿ ಐದೂವರೆ ಲಕ್ಷ ಜನ. ಅಂದರೆ ಜಾಗದಲ್ಲೂ ಜನಸಂಖ್ಯೆಯಲ್ಲೂ ಕೇಪ್ ವರ್ಡೆ ಹೆಚ್ಚುಕಡಿಮೆ ಒಂದು ಕೊಡಗು. ಕೊಡಗಿನವರು ಹಾಕಿಯಲ್ಲಿ ಎಷ್ಟು ಆಟಗಾರರನ್ನು ಕೊಟ್ಟಿದ್ದಾರೆ ಅನ್ನೋದು ನಮಗೆ ಗೊತ್ತು. ಹಾಗಾಗಿ ಸಣ್ಣ ಜಾಗದಿಂದ ಒಳ್ಳೆಯ ಆಟಗಾರರು ಬರುವುದರಲ್ಲಿ ನಮಗೇನೂ ಆಶ್ಚರ್ಯವಾಗಬೇಕಿಲ್ಲ. ಆದರೆ ಮಳೆಯ ವಿಷಯದಲ್ಲಿ ಮಾತ್ರ ಎರಡೂ ಪೂರ್ತಿ ಉಲ್ಟಾ. ಕೇಪ್ ವರ್ಡೆ ಅಂದರೆ ಹಸಿರು ಭೂಶಿರ ಎಂದರ್ಥ. ಆ ಹೆಸರು ಬಂದಿದ್ದು ಎದುರಿನ ಸೆನೆಗಲ್ ತೀರದ ಒಂದು ಭೂಶಿರದಿಂದ. ದ್ವೀಪಗಳು ಬಹುಪಾಲು ಒಣ ಒಣ. ಹುಲ್ಲು ಬೆಳೆಸೋದು ದುಬಾರಿ, ಹಾಗಾಗಿ ಬಹಳಷ್ಟು ಮೈದಾನಗಳಿಗೆ ಸಿಂಥೆಟಿಕ್ ಹಾಸು.

ದ್ವೀಪ ಅಂದ ಮೇಲೆ ಇನ್ನೊಂದು ತೊಂದರೆ. ಒಂದು ಊರಿನ ತಂಡ ಇನ್ನೊಂದು ಊರಿಗೆ ಆಡಲು ಹೋಗಬೇಕಾದರೆ ಬಸ್ಸಿಲ್ಲ. ವಿಮಾನ ಅಥವಾ ಹಡಗು ಹತ್ತಬೇಕು. ಪ್ರತಿ ವಾರ ಹೀಗೆ ಓಡಾಡಿದರೆ ಕ್ಲಬ್ಬುಗಳು ದಿವಾಳಿ. ಅದಕ್ಕೇ ಅಲ್ಲಿ ಪ್ರತಿ ದ್ವೀಪಕ್ಕೂ ಬೇರೆ ಬೇರೆ ಲೀಗ್ ನಡೆಯುತ್ತದೆ. ದ್ವೀಪದಲ್ಲಿ ಗೆದ್ದವರು ಮಾತ್ರ ಕೊನೆಗೆ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಸೇರುತ್ತಾರೆ. ಹುಡುಗನೊಬ್ಬ ಚೆನ್ನಾಗಿ ಆಡುತ್ತಾನೆ ಅಂದರೆ ಅವನಿಗೆ ವರ್ಷವಿಡೀ ಎದುರಾಗುವುದು ಅದೇ ಏಳೆಂಟು ತಂಡಗಳು. ಆಟ ಒಂದು ಮಟ್ಟಕ್ಕೆ ಬಂದ ಮೇಲೆ ಅಲ್ಲೇ ನಿಂತುಬಿಡುತ್ತದೆ. ಮುಂದೆ ಹೋಗಬೇಕಾದರೆ ಪೋರ್ಚುಗಲ್ ಕಡೆಗೇ ದಾರಿ.

ಇಷ್ಟನ್ನೇ ನೋಡಿದರೆ ಈ ದೇಶ ವಿಶ್ವಕಪ್ ಆಡುವ ಲೆಕ್ಕ ಕೂಡಿಬರುವುದಿಲ್ಲ. ಲೆಕ್ಕ ಕೂಡಿಬರಬೇಕಾದರೆ ದ್ವೀಪದಲ್ಲಿ ಇಲ್ಲದವರನ್ನೂ ಎಣಿಸಬೇಕು.

ಹೊರಟುಹೋದವರ ದೇಶ

ಪೋರ್ಚುಗೀಸರು 15ನೇ ಶತಮಾನದಲ್ಲಿ ಬರುವವರೆಗೆ ಈ ದ್ವೀಪಗಳಲ್ಲಿ ಜನರೇ ಇರಲಿಲ್ಲ. ಅವರು ಬಂದರು, ಆಫ್ರಿಕಾದಿಂದ ಗುಲಾಮರನ್ನು ತಂದರು. ಇಬ್ಬರ ಭಾಷೆಯೂ ಬೆರೆತು ಕ್ರಿಯೋಲು ಎಂಬ ಹೊಸ ಭಾಷೆ ಹುಟ್ಟಿತು. ಮಳೆ ಕೈಕೊಟ್ಟಾಗಲೆಲ್ಲ ಬರ. 1940ರ ದಶಕದಲ್ಲಿ ಎರಡು ಭೀಕರ ಕ್ಷಾಮಗಳು ಬಂದು ಸಾವಿರಾರು ಜನ ಸತ್ತರು. ಉಳಿಯಬೇಕಾದರೆ ಹೊರಡಲೇಬೇಕಿತ್ತು. ತಿಮಿಂಗಿಲ ಬೇಟೆಯ ಹಡಗು ಹತ್ತಿ ಅಮೆರಿಕದ ನ್ಯೂ ಬೆಡ್‌ಫರ್ಡ್‌ಗೆ ಹೋದವರು, ಸಾವೊ ತೊಮೆ ದ್ವೀಪದ ಕೋಕೋ ತೋಟಗಳಿಗೆ ಕೂಲಿಗೆ ಹೋದವರು, ಆಮೇಲೆ ಲಿಸ್ಬನ್‌ಗೆ, ಪ್ಯಾರಿಸ್‌ಗೆ, ಹಡಗಿನ ಕೆಲಸಕ್ಕೆಂದು ರಾಟರ್‌ಡ್ಯಾಮ್‌ಗೆ ಹೋದವರು. ದೇಶದೊಳಗೆ ಇರುವವರಿಗಿಂತ ಹೊರಗಿರುವ ಕೇಪ್ ವರ್ಡೆಯನ್ನರೇ ಜಾಸ್ತಿ ಎಂದು ಲೆಕ್ಕ ಹಾಕುತ್ತಾರೆ. ಅವರ ಮೊರ್ನಾ ಹಾಡುಗಳಲ್ಲಿ ಪದೇ ಪದೇ ಬರುವ ಮಾತು ಸೊದಾಡೆ. ಬಿಟ್ಟುಬಂದ ಊರಿನ ನೆನಪು ಹೊಟ್ಟೆಯಲ್ಲಿ ಸಂಕಟ ಎಬ್ಬಿಸುತ್ತದಲ್ಲ, ಅದು.

ಫುಟ್ಬಾಲ್ ದೃಷ್ಟಿಯಿಂದ ನೋಡಿದರೆ ಹೊರಟುಹೋದವರ ಮಕ್ಕಳು ಬೆಳೆದದ್ದು ಜಗತ್ತಿನ ಅತ್ಯುತ್ತಮ ಫುಟ್ಬಾಲ್ ಶಾಲೆಗಳ ಪಕ್ಕದಲ್ಲಿ. ಹಾಲೆಂಡ್‌ನ ಅಕಾಡೆಮಿಗಳು, ಪ್ಯಾರಿಸ್ ಸುತ್ತಲಿನ ಕ್ಲಬ್ಬುಗಳು, ಲಿಸ್ಬನ್‌ನ ತರಬೇತಿ ಕೇಂದ್ರಗಳು. ಬೆಳೆಸಿದ ಖರ್ಚು ಆ ದೇಶಗಳದ್ದು. ಮೊದಲೆಲ್ಲ ಅದರ ಫಲವೂ ಆ ದೇಶಗಳಿಗೇ ಹೋಗುತ್ತಿತ್ತು. ಫ್ರಾನ್ಸ್‌ಗೆ ವಿಶ್ವಕಪ್ ಗೆದ್ದುಕೊಟ್ಟ ಪ್ಯಾಟ್ರಿಕ್ ವಿಯೆರಾ ಅವರ ತಾಯಿಯ ಕಡೆಯವರು ಕೇಪ್ ವರ್ಡೆಯವರು. ಸ್ವೀಡನ್‌ನ ಹೆನ್ರಿಕ್ ಲಾರ್ಸನ್ ಅವರ ತಂದೆ ಕೇಪ್ ವರ್ಡೆಯವರು. ಇವರನ್ನೆಲ್ಲ ಕರೆಯುವ ಶಕ್ತಿ ಆ ಕಾಲದಲ್ಲಿ ಕೇಪ್ ವರ್ಡೆಗೆ ಇರಲಿಲ್ಲ. 1975ರ ಜುಲೈ 5ರಂದು ಸ್ವಾತಂತ್ರ್ಯ ಪಡೆದ ದೇಶ ಫಿಫಾ ಸದಸ್ಯನಾಗಿದ್ದೇ 1986ರಲ್ಲಿ.

ಈಗ ಕತೆ ತಿರುಗಿದೆ. ಅರ್ಹತಾ ಪಂದ್ಯಗಳಲ್ಲಿ ಗೋಲು ಹೊಡೆದು ಹೆಸರಾದ ಡೈಲನ್ ಲಿವ್ರಮೆಂಟೊ ಹುಟ್ಟಿದ್ದು ರಾಟರ್‌ಡ್ಯಾಮ್‌ನಲ್ಲಿ. ಜಮಿರೊ ಮೊಂಟೆರೊ, ಡೆರಾಯ್ ಡುವಾರ್ಟೆ ಕೂಡ ಅದೇ ಊರಿನವರು. ಡಿಫೆಂಡರ್ ಲೋಗನ್ ಕೋಸ್ತಾ ಹುಟ್ಟಿದ್ದು ಪ್ಯಾರಿಸ್ ಪಕ್ಕದ ಸೇಂಟ್ ಡೆನಿಸ್‌ನಲ್ಲಿ.

ಇನ್ನು ರೊಬೆರ್ಟೊ ಲೋಪೆಸ್. ಇವರ ಕತೆಯನ್ನು ಎಷ್ಟು ಸಲ ಕೇಳಿದರೂ ನನಗೆ ಬೇಜಾರಾಗುವುದಿಲ್ಲ. ಹುಟ್ಟಿದ್ದು ಡಬ್ಲಿನ್‌ನಲ್ಲಿ. ತಂದೆ ಕೇಪ್ ವರ್ಡೆಯವರು, ತಾಯಿ ಐರಿಷ್. ಪೂರ್ಣಾವಧಿ ಆಟಗಾರನಾಗುವ ಮೊದಲು ಬ್ಯಾಂಕಿನಲ್ಲಿ ಮನೆ ಸಾಲದ ಸಲಹೆಗಾರನ ಕೆಲಸ. ಐರ್ಲೆಂಡಿನ ಶ್ಯಾಮ್ರಾಕ್ ರೋವರ್ಸ್ ಕ್ಲಬ್ಬಿನಲ್ಲಿ ಆಡುತ್ತಿದ್ದಾಗ ಅವರ ಲಿಂಕ್ಡ್‌ಇನ್ ಖಾತೆಗೆ ಪೋರ್ಚುಗೀಸ್ ಭಾಷೆಯಲ್ಲಿ ಒಂದು ಸಂದೇಶ ಬಂತು. ಅವರಿಗೆ ಆ ಭಾಷೆ ಬರುತ್ತಿರಲಿಲ್ಲ. ಯಾರೋ ಸುಮ್ನೆ ಕಳಿಸಿದ ಸ್ಪ್ಯಾಮ್ ಇರಬೇಕು ಅಂತ ಬಿಟ್ಟುಬಿಟ್ಟರು. ಕೆಲವು ತಿಂಗಳ ನಂತರ ಅದೇ ವ್ಯಕ್ತಿ ಇಂಗ್ಲಿಷ್‌ನಲ್ಲಿ ಕೇಳಿದರು: ನಾನು ಹೇಳಿದ್ದರ ಬಗ್ಗೆ ಏನು ಯೋಚನೆ ಮಾಡಿದಿರಿ? ಆಗ ಹಳೆಯ ಸಂದೇಶವನ್ನು ಅನುವಾದ ಮಾಡಿ ನೋಡಿದರೆ, ಬರೆದವರು ಕೇಪ್ ವರ್ಡೆಯ ಆಗಿನ ಕೋಚ್ ರುಯಿ ಆಗುವಾಸ್. ನಮ್ಮ ದೇಶಕ್ಕೆ ಆಡುತ್ತೀರಾ ಎಂದು ಕೇಳಿದ್ದರು. 2019ರಿಂದ ಲೋಪೆಸ್ ಆ ತಂಡದ ರಕ್ಷಣಾ ಸಾಲಿನ ಕಂಬ.

ಕೇಳಲು ತಮಾಷೆಯಾಗಿದೆ, ಅಲ್ವಾ? ಆದರೆ ಕೋಚ್ ಮಾಡಿದ್ದು ಸರಿಯಾದ ಕೆಲಸವೇ. ದೊಡ್ಡ ಸಂಘಗಳಿಗೆ ಊರೂರು ಸುತ್ತಿ ಪ್ರತಿಭೆ ಹುಡುಕುವ ಸಿಬ್ಬಂದಿ ಇರುತ್ತಾರೆ. ಸಣ್ಣ ಸಂಘಕ್ಕೆ ಒಂದು ಲ್ಯಾಪ್‌ಟಾಪು, ಒಂದಿಷ್ಟು ಉಪನಾಮಗಳು. ಯುರೋಪಿನ ಲೀಗ್ ಪಟ್ಟಿಗಳಲ್ಲಿ ಲೋಪೆಸ್, ಮೊಂಟೆರೊ, ಸೆಮೆಡೊ, ತವಾರೆಸ್, ಡುವಾರ್ಟೆ ಇಂಥ ಹೆಸರು ಕಂಡರೆ ನಿಂತು ನೋಡಬೇಕು. ಇವರ ಅಜ್ಜಿ ಯಾವ ದ್ವೀಪದವರು ಅಂತ ವಿಚಾರಿಸಬೇಕು.

ಯಾರು ಯಾವ ದೇಶಕ್ಕೆ ಆಡಬಹುದು?

ಇಲ್ಲಿ ಬಹಳ ಜನಕ್ಕೆ ಗೊಂದಲ. ಹೊರಗೆ ಹುಟ್ಟಿದವರನ್ನು ದುಡ್ಡು ಕೊಟ್ಟು ತಂದು ಆಡಿಸುತ್ತಾರೆ ಎಂಬ ಮಾತು ಕೇಳಿಬರುತ್ತದೆ. ಫಿಫಾ ನಿಯಮ ಅಷ್ಟು ಸಡಿಲವಾಗಿಲ್ಲ.

ಮೊದಲನೆಯದಾಗಿ ಆ ದೇಶದ ಪೌರತ್ವ ಬೇಕು. ಅದು ಹೊಸದಾಗಿ ಪಡೆದದ್ದಾದರೆ ಜೊತೆಗೊಂದು ಸಂಬಂಧವೂ ಬೇಕು: ಆಟಗಾರ ಅಲ್ಲೇ ಹುಟ್ಟಿರಬೇಕು, ಇಲ್ಲವೇ ತಂದೆ, ತಾಯಿ, ಅಜ್ಜ, ಅಜ್ಜಿಯರಲ್ಲಿ ಒಬ್ಬರಾದರೂ ಅಲ್ಲಿ ಹುಟ್ಟಿರಬೇಕು, ಅದೂ ಇಲ್ಲದಿದ್ದರೆ ಆತ ಅಲ್ಲಿ ಕೆಲವು ವರ್ಷ ವಾಸ ಮಾಡಿರಬೇಕು. ಕೇಪ್ ವರ್ಡೆ ತನ್ನವರ ಮಕ್ಕಳು, ಮೊಮ್ಮಕ್ಕಳಿಗೆ ಪೌರತ್ವದ ಬಾಗಿಲು ತೆರೆದಿಟ್ಟಿದೆ. ಇನ್ನೊಂದು ದೇಶದ ಪಾಸ್‌ಪೋರ್ಟ್ ಇಟ್ಟುಕೊಂಡೇ ಇದನ್ನೂ ಇಟ್ಟುಕೊಳ್ಳಬಹುದು. ಬಡ ದೇಶಕ್ಕೆ ವಲಸಿಗರು ಕಳಿಸುವ ಹಣ ಮುಖ್ಯ, ಅವರನ್ನು ಕಳೆದುಕೊಳ್ಳಬಾರದು ಎಂಬ ಲೆಕ್ಕಾಚಾರ ಇದರ ಹಿಂದಿದೆ. ಫುಟ್ಬಾಲ್‌ಗೆ ಅದರಿಂದ ಲಾಭವಾಯಿತು ಅಷ್ಟೇ.

ಎರಡನೆಯ ಪ್ರಶ್ನೆ, ಆಟಗಾರ ಈಗಾಗಲೇ ಬೇರೆ ದೇಶಕ್ಕೆ ಆಡಿದ್ದರೆ? ಸ್ನೇಹಪರ ಪಂದ್ಯ ಆಡಿದ್ದರೆ ತೊಂದರೆಯಿಲ್ಲ. ಅಧಿಕೃತ ಟೂರ್ನಿಯ ಪಂದ್ಯ ಆಡಿದ್ದರೆ ಮೊದಲೆಲ್ಲ ಕತೆ ಮುಗಿದಂತೆ. 2020ರಲ್ಲಿ ಫಿಫಾ ಇದನ್ನು ಸ್ವಲ್ಪ ಸಡಿಲ ಮಾಡಿತು. ಹಿರಿಯರ ತಂಡಕ್ಕೆ ಆಡಿದ ಪಂದ್ಯಗಳು ಸ್ನೇಹಪರ ಸೇರಿ ಮೂರಕ್ಕಿಂತ ಹೆಚ್ಚಿಲ್ಲದೆ, ಎಲ್ಲವೂ 21 ವರ್ಷ ತುಂಬುವ ಮೊದಲಿನವಾಗಿದ್ದರೆ, ಕೊನೆಯ ಪಂದ್ಯವಾಡಿ ಮೂರು ವರ್ಷ ಕಳೆದಿದ್ದರೆ, ಅವುಗಳಲ್ಲಿ ಯಾವುದೂ ವಿಶ್ವಕಪ್ ಅಥವಾ ಖಂಡದ ಮುಖ್ಯ ಟೂರ್ನಿಯ ಪಂದ್ಯ ಅಲ್ಲದಿದ್ದರೆ ತಂಡ ಬದಲಿಸಬಹುದು. ಒಂದೇ ಸಲ. ಆ ಬದಲಾವಣೆಯ ವೇಳೆಗೆ ಯಾವ ಪಾಸ್‌ಪೋರ್ಟ್ ಯಾವಾಗ ಕೈಗೆ ಬಂತು ಅನ್ನೋದೂ ಲೆಕ್ಕಕ್ಕೆ ಬರುತ್ತದೆ. ಒಂದು ದಾಖಲೆ ಹಿಂದುಮುಂದಾದರೆ ಏನಾಗುತ್ತದೆ ಎಂಬುದನ್ನು 2013 ಈ ದೇಶಕ್ಕೆ ಕಲಿಸಿದೆ.

ಇದು ನಮಗೆ ದೂರದ ವಿಷಯವೇನಲ್ಲ. ಭಾರತದಲ್ಲಿ ಎರಡು ದೇಶದ ಪೌರತ್ವಕ್ಕೆ ಅವಕಾಶವಿಲ್ಲ. ವಿದೇಶದಲ್ಲಿ ಹುಟ್ಟಿದ ಭಾರತೀಯ ಮೂಲದ ಆಟಗಾರ ಭಾರತಕ್ಕೆ ಆಡಬೇಕಾದರೆ ಆ ದೇಶದ ಪಾಸ್‌ಪೋರ್ಟ್ ಬಿಟ್ಟುಕೊಡಲೇಬೇಕು. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ 2025ರಲ್ಲಿ ಮಾಡಿದ್ದು ಅದನ್ನೇ. ಅವರು ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ, ತಾಯಿ ಮುಂಬೈನವರು. ಆಸ್ಟ್ರೇಲಿಯಾ ಪರ ಅವರು ಒಂದು ಸ್ನೇಹಪರ ಪಂದ್ಯ ಆಡಿದ್ದರು. ಸ್ನೇಹಪರವಾಗಿದ್ದರಿಂದಲೇ ಈ ದಾರಿ ತೆರೆದಿತ್ತು. ಭಾರತದ ಪಾಸ್‌ಪೋರ್ಟ್ ಕೈಗೆ ಬಂದ ಮೇಲೂ ಕಾಗದಪತ್ರಕ್ಕಾಗಿ ಕಾಯಬೇಕಾಯಿತು. ಒಬ್ಬ ಆಟಗಾರನಿಗೆ ಇಷ್ಟು. ಕೇಪ್ ವರ್ಡೆಯ ಸಂಘ ಇದನ್ನೇ ಅರ್ಧ ತಂಡಕ್ಕೆ ಮಾಡಬೇಕು.

ಕೇಪ್ ವರ್ಡೆ ಅರ್ಹತೆ ಪಡೆದ ಮರುತಿಂಗಳೇ ಇನ್ನೊಂದು ದ್ವೀಪ ಇದಕ್ಕಿಂತ ದೊಡ್ಡ ಸುದ್ದಿ ಮಾಡಿತು. 2025ರ ನವೆಂಬರ್ 18ರಂದು ಕಿಂಗ್‌ಸ್ಟನ್‌ನಲ್ಲಿ ಜಮೈಕಾ ಜೊತೆ 0-0 ಡ್ರಾ ಮಾಡಿಕೊಂಡು ಕೆರಿಬಿಯನ್‌ನ ಕುರಸಾವ್ ವಿಶ್ವಕಪ್‌ಗೆ ಬಂತು. ಜನಸಂಖ್ಯೆ ಒಂದೂವರೆ ಲಕ್ಷದ ಆಸುಪಾಸು. ಇಷ್ಟು ಸಣ್ಣ ದೇಶ ಹಿಂದೆಂದೂ ವಿಶ್ವಕಪ್‌ಗೆ ಅರ್ಹತೆ ಪಡೆದಿರಲಿಲ್ಲ. ಕುರಸಾವ್ ಡಚ್ ರಾಜಪ್ರಭುತ್ವದ ಭಾಗ, ಹಾಗಾಗಿ ಅಲ್ಲಿಯವರಿಗೆಲ್ಲ ಡಚ್ ಪಾಸ್‌ಪೋರ್ಟೇ. ಹಾಗಂತ ಯಾವ ಡಚ್ ಪ್ರಜೆಯೂ ಹೋಗಿ ಆಡುವಂತಿಲ್ಲ. ಅಲ್ಲಿಯೂ ತಂದೆ, ತಾಯಿ, ಅಜ್ಜ, ಅಜ್ಜಿಯ ಎಳೆ ತೋರಿಸಬೇಕು. ಅವರ ತಂಡದ ಬಹುತೇಕ ಎಲ್ಲರೂ ಹುಟ್ಟಿದ್ದು ಹಾಲೆಂಡ್‌ನಲ್ಲಿ. ತಾಹಿತ್ ಚೊಂಗ್ ದ್ವೀಪದಲ್ಲೇ ಹುಟ್ಟಿದವರು, ಅವರೇ ಅಪರೂಪ.

ಎಲ್ಲ ದ್ವೀಪಗಳೂ ಇದೇ ದಾರಿ ಹಿಡಿದವು ಎಂದಲ್ಲ. 2018ರಲ್ಲಿ ವಿಶ್ವಕಪ್ ಆಡಿದ ಐಸ್‌ಲ್ಯಾಂಡ್ ಬೇರೆ ಥರ. ಶ್ರೀಮಂತ ದೇಶ. ಚಳಿಗಾಲದಲ್ಲೂ ಮಕ್ಕಳು ಆಡಲಿ ಅಂತ ಪೂರ್ಣ ಅಳತೆಯ ಒಳಾಂಗಣ ಮೈದಾನಗಳನ್ನು ಕಟ್ಟಿತು. ಎಳೆಯ ಮಕ್ಕಳಿಗೂ ಲೈಸೆನ್ಸ್ ಇರುವ ಕೋಚ್ ಸಿಗುವಂತೆ ಮಾಡಿತು. ಅವರ ಆಗಿನ ಮುಖ್ಯ ಕೋಚ್ ಹೈಮಿರ್ ಹಾಲ್‌ಗ್ರಿಮ್ಸನ್ ವೃತ್ತಿಯಿಂದ ಹಲ್ಲಿನ ಡಾಕ್ಟರು. ಐಸ್‌ಲ್ಯಾಂಡ್‌ನವರು ಆಟಗಾರರನ್ನು ಮನೆಯಲ್ಲೇ ಬೆಳೆಸಿದರು. ಕೇಪ್ ವರ್ಡೆಯ ಬಳಿ ಅಷ್ಟು ಹಣವಿರಲಿಲ್ಲ, ಮಕ್ಕಳೂ ಮನೆಯಲ್ಲಿರಲಿಲ್ಲ. ಹಾಗಾಗಿ ಚದುರಿದವರನ್ನು ಒಟ್ಟು ಮಾಡುವುದೇ ಅದಕ್ಕಿದ್ದ ದಾರಿ.

ಬುಬಿಸ್ತಾ ಕಟ್ಟಿದ ತಂಡ

ಕೋಚ್ ಹೆಸರು ಪೆದ್ರೊ ಲೈತಾವ್ ಬ್ರಿಟೊ. ಎಲ್ಲರೂ ಕರೆಯೋದು ಬುಬಿಸ್ತಾ ಅಂತ. ಅವರು ಬೋವಾ ವಿಸ್ತಾ ದ್ವೀಪದವರು. ಕ್ರಿಯೋಲು ಭಾಷೆಯಲ್ಲಿ ಆ ದ್ವೀಪದ ಹೆಸರೇ ಬುಬಿಸ್ತಾ. ನಮ್ಮಲ್ಲಿ ಊರಿನ ಹೆಸರನ್ನೇ ಮನುಷ್ಯನಿಗೆ ಅಂಟಿಸಿಬಿಡುತ್ತೇವಲ್ಲ, ಹಾಗೆ. ದೇಶದ ತಂಡದ ನಾಯಕರಾಗಿದ್ದವರು, 2020ರಿಂದ ಕೋಚ್. 2025ರಲ್ಲಿ ಆಫ್ರಿಕಾದ ವರ್ಷದ ಕೋಚ್ ಪ್ರಶಸ್ತಿ ಅವರಿಗೇ ಬಂತು.

ಕುರಸಾವ್ ಅರ್ಹತೆ ಪಡೆದದ್ದು ಡಿಕ್ ಅಡ್ವೊಕಾಟ್ ಎಂಬ ಅನುಭವಿ ಡಚ್ ಕೋಚ್ ಕೈಕೆಳಗೆ. ಕೇಪ್ ವರ್ಡೆ ಸ್ಥಳೀಯರನ್ನು ನಂಬಿತು. ಇದು ಬರೀ ಭಾವನೆಯ ಮಾತಲ್ಲ. ಹಾಲೆಂಡ್, ಫ್ರಾನ್ಸ್, ಪೋರ್ಚುಗಲ್, ಐರ್ಲೆಂಡ್‌ಗಳಿಂದ ಬಂದ ಹುಡುಗರು ಬೆಳೆದ ದೇಶಗಳ ಭಾಷೆ ಒಂದೇ ಅಲ್ಲ. ಆದರೆ ಮನೆಯಲ್ಲಿ ಅಪ್ಪ ಅಮ್ಮನಿಂದ ಕೇಳಿದ ಕ್ರಿಯೋಲು ಬಹುಪಾಲು ಎಲ್ಲರ ಕಿವಿಗೂ ಬಿದ್ದಿದೆ. ಅದೇ ಭಾಷೆಯಲ್ಲಿ ಬೈಯುವ, ಅದೇ ಭಾಷೆಯಲ್ಲಿ ಬೆನ್ನು ತಟ್ಟುವ ಕೋಚ್ ಇದ್ದರೆ ಅರ್ಧ ಕೆಲಸ ಆದಂತೆ.

ತಂಡದ ಆಟವೂ ಹಾಸಿಗೆ ಇದ್ದಷ್ಟು ಕಾಲು ಚಾಚುವ ಆಟ. ಒಟ್ಟೊಟ್ಟಿಗೆ ನಿಂತು ರಕ್ಷಣೆ, ಚೆಂಡು ಸಿಕ್ಕ ತಕ್ಷಣ ವೇಗದ ಓಟ. ಅಭ್ಯಾಸಕ್ಕೆ ಸಿಗುವ ಸಮಯ ಲೆಕ್ಕ ಹಾಕಿದರೆ ಇದಕ್ಕೆ ಕಾರಣ ತಿಳಿಯುತ್ತದೆ. ವರ್ಷದಲ್ಲಿ ಫಿಫಾ ಕೆಲವು ಅಂತರರಾಷ್ಟ್ರೀಯ ಅವಧಿಗಳನ್ನು ಗುರುತಿಸುತ್ತದೆ. ಆ ದಿನಗಳಲ್ಲಿ ಕ್ಲಬ್ಬುಗಳು ಆಟಗಾರರನ್ನು ಕಳಿಸಲೇಬೇಕು. ಸಾಮಾನ್ಯವಾಗಿ ಒಂಬತ್ತು ದಿನ, ಎರಡು ಪಂದ್ಯ. ಭಾನುವಾರ ಕ್ಲಬ್ಬಿಗೆ ಆಡಿದವರು ಸೋಮವಾರ ವಿಮಾನ ಹತ್ತಿ, ಎಲ್ಲೋ ವಿಮಾನ ಬದಲಿಸಿ, ರಾಜಧಾನಿ ಪ್ರಾಯಾ ತಲುಪುವಷ್ಟರಲ್ಲಿ ಮಂಗಳವಾರ. ಒಂದು ದಿನ ದಣಿವಾರಿಸಿಕೊಳ್ಳಲು. ಗುರುವಾರವೋ ಶುಕ್ರವಾರವೋ ಪಂದ್ಯ. ಎಲ್ಲರೂ ಜೊತೆಗೆ ನಿಂತು ಅಭ್ಯಾಸ ಮಾಡೋದು ಒಂದೆರಡು ಸಲ ಅಷ್ಟೇ. ಇಷ್ಟರಲ್ಲಿ ನೂರು ಪಾಸ್‌ಗಳ ನಾಜೂಕಿನ ಆಟ ಕಲಿಸಲಾಗದು. ರಕ್ಷಣೆಯ ಸಾಲು ಎಲ್ಲಿ ನಿಲ್ಲಬೇಕು, ಕಾರ್ನರ್ ಬಂದಾಗ ಯಾರು ಯಾರನ್ನು ಹಿಡಿಯಬೇಕು, ಇಷ್ಟನ್ನು ಕಲಿಸಬಹುದು. ಬುಬಿಸ್ತಾ ಕಲಿಸಿದ್ದೂ ಅದನ್ನೇ. ಅದೇ ಆಟಗಾರರನ್ನು ವರ್ಷಗಟ್ಟಲೆ ಕರೆಯುತ್ತಾ ಹೋದರೆ, ಹೋದ ಸಲ ಬಿಟ್ಟಲ್ಲಿಂದ ಈ ಸಲ ಶುರು ಮಾಡಬಹುದು.

ಅಂಕಿ ನೋಡಿ. ಹತ್ತು ಅರ್ಹತಾ ಪಂದ್ಯಗಳಲ್ಲಿ ಏಳು ಗೆಲುವು, ಎರಡು ಡ್ರಾ, ಒಂದು ಸೋಲು. 23 ಅಂಕ. ಹೊಡೆದದ್ದು 16 ಗೋಲು, ಬಿಟ್ಟುಕೊಟ್ಟದ್ದು 8. ಆ ಎಂಟರಲ್ಲಿ ನಾಲ್ಕು ಬಂದದ್ದು 2024ರ ಜೂನ್‌ನಲ್ಲಿ ಕ್ಯಾಮರೂನ್ ನೆಲದಲ್ಲಿ 1-4ರಿಂದ ಸೋತಾಗ, ಮೂರು ಬಂದದ್ದು ಲಿಬಿಯಾದಲ್ಲಿ 1-3ರಿಂದ ಹಿಂದೆ ಬಿದ್ದು 3-3 ಮಾಡಿಕೊಂಡಾಗ. ಉಳಿದ ಎಂಟು ಪಂದ್ಯಗಳಲ್ಲಿ ಸೇರಿ ಒಂದೇ ಒಂದು ಗೋಲು ಬಿಟ್ಟುಕೊಟ್ಟಿದ್ದಾರೆ. ಏಳು ಗೆಲುವುಗಳಲ್ಲಿ ನಾಲ್ಕು ಒಂದೇ ಗೋಲಿನ ಅಂತರದವು. 2025ರ ಸೆಪ್ಟೆಂಬರ್ 9ರಂದು ಪ್ರಾಯಾದಲ್ಲಿ ಕ್ಯಾಮರೂನ್ ವಿರುದ್ಧ ಗೆದ್ದಿದ್ದೂ 1-0ಯಿಂದ, ಲಿವ್ರಮೆಂಟೊ ಹೊಡೆದ ಗೋಲಿನಿಂದ. 15,000 ಜನ ಹಿಡಿಸುವ ಆ ಸ್ಟೇಡಿಯಂನಲ್ಲೇ ಮರುತಿಂಗಳು ಎಸ್ವಾಟಿನಿ ವಿರುದ್ಧದ ಪಂದ್ಯ. ಮೊದಲರ್ಧ 0-0. ಎರಡನೆಯ ಅರ್ಧ ಶುರುವಾದ ಸ್ವಲ್ಪ ಹೊತ್ತಿಗೆ ಲಿವ್ರಮೆಂಟೊ, ಆಮೇಲೆ ವಿಲ್ಲಿ ಸೆಮೆಡೊ. ಕೊನೆಗೆ ಬದಲಿಯಾಗಿ ಬಂದ 37 ವರ್ಷದ ಸ್ತೊಪಿರಾ ಮೂರನೆಯದನ್ನು ಹೊಡೆದರು. ಸ್ತೊಪಿರಾ ಪ್ರಾಯಾದಲ್ಲೇ ಹುಟ್ಟಿದವರು, ತಂಡ ಏನೂ ಅಲ್ಲದಿದ್ದ ಕಾಲದಿಂದ ಜೊತೆಗಿದ್ದವರು. ಆ ಮೂರನೆಯ ಗೋಲು ಲೆಕ್ಕಕ್ಕೆ ಬೇಕಿರಲಿಲ್ಲ. ಆದರೆ ಅದನ್ನು ಬೇರೆ ಯಾರೇ ಹೊಡೆದಿದ್ದರೂ ಅಷ್ಟು ಚೆನ್ನಾಗಿರುತ್ತಿರಲಿಲ್ಲ.

ಒಂದು ಮಾತನ್ನು ಮುಚ್ಚಿಡಬಾರದು. ಈ ಸಲ ವಿಶ್ವಕಪ್ ದೊಡ್ಡದಾಗಿದೆ. 32 ತಂಡಗಳ ಬದಲು 48. ಆಫ್ರಿಕಾಕ್ಕೆ ಮೊದಲು ಐದು ಸ್ಥಾನ ಇದ್ದವು, ಈಗ ನೇರವಾಗಿ ಒಂಬತ್ತು. ಹಳೆಯ ಪದ್ಧತಿ ಇದ್ದಿದ್ದರೆ ಗುಂಪು ಗೆದ್ದ ಮೇಲೂ ಕೇಪ್ ವರ್ಡೆ ಮತ್ತೊಂದು ದೊಡ್ಡ ತಂಡದ ಜೊತೆ ಪ್ಲೇಆಫ್ ಆಡಬೇಕಿತ್ತು. ಸಣ್ಣವರಿಗೆ ಬಾಗಿಲು ಅಗಲವಾಗಿದೆ, ನಿಜ. ಆದರೆ ಎಂಟು ಸಲ ವಿಶ್ವಕಪ್ ಆಡಿದ ಕ್ಯಾಮರೂನ್‌ಗಿಂತ ನಾಲ್ಕು ಅಂಕ ಮುಂದೆ ಬಂದದ್ದನ್ನು ಬಾಗಿಲಿನ ಅಗಲದ ಲೆಕ್ಕಕ್ಕೆ ಹಾಕಲಾಗದು.

ಈಗಿನ ಮೂರು ವಾರ

2026ರ ವಿಶ್ವಕಪ್ ಜೂನ್ 11ರಿಂದ ಜುಲೈ 19ರವರೆಗೆ ಅಮೆರಿಕ, ಕೆನಡಾ, ಮೆಕ್ಸಿಕೊಗಳಲ್ಲಿ. 2025ರ ಡಿಸೆಂಬರ್ 5ರಂದು ಗುಂಪುಗಳಿಗಾಗಿ ಚೀಟಿ ಎತ್ತಿದಾಗ ಕೇಪ್ ವರ್ಡೆ ಬಿದ್ದದ್ದು ಎಚ್ ಗುಂಪಿಗೆ. ಜೊತೆಗೆ ಸ್ಪೇನ್, ಉರುಗ್ವೆ, ಸೌದಿ ಅರೇಬಿಯಾ. ಜೂನ್ 15ಕ್ಕೆ ಅಟ್ಲಾಂಟಾದಲ್ಲಿ ಸ್ಪೇನ್, 21ಕ್ಕೆ ಮಯಾಮಿಯಲ್ಲಿ ಉರುಗ್ವೆ, 26ಕ್ಕೆ ಹ್ಯೂಸ್ಟನ್‌ನಲ್ಲಿ ಸೌದಿ.

ಕ್ಲಬ್ಬುಗಳು ಆಟಗಾರರನ್ನು ಬಿಟ್ಟುಕೊಡಬೇಕಾದ ಅವಧಿ ಶುರುವಾಗುವುದು ಮೇ 25ರ ಹೊತ್ತಿಗೆ. ಸ್ಪೇನ್ ಪಂದ್ಯಕ್ಕೆ ಸರಿಯಾಗಿ ಮೂರು ವಾರ. ಬುಬಿಸ್ತಾ ಕೈಗೆ ಈ ತಂಡ ಇಷ್ಟು ದಿನ ಒಟ್ಟಿಗೆ ಸಿಗುವುದೇ ಅಪರೂಪ. 2025ರ ಕೊನೆಯಲ್ಲಿ ಶುರುವಾದ ಆಫ್ರಿಕಾ ಕಪ್‌ನಲ್ಲಿ ಸಿಗಬಹುದಿತ್ತು. ಆದರೆ ಅದಕ್ಕೆ ಅವರು ಅರ್ಹತೆಯನ್ನೇ ಪಡೆಯಲಿಲ್ಲ. ಈಜಿಪ್ಟ್, ಬೋಟ್ಸ್ವಾನಾ, ಮಾರಿಟೇನಿಯಾ ಇದ್ದ ಗುಂಪಿನಲ್ಲಿ ಕೊನೆಯ ಸ್ಥಾನ. ಹಿಂದಿನ ಕಪ್‌ನಲ್ಲಿ ಕ್ವಾರ್ಟರ್ ಫೈನಲ್‌ವರೆಗೆ ಹೋಗಿ, ದಕ್ಷಿಣ ಆಫ್ರಿಕಾ ಎದುರು ಪೆನಾಲ್ಟಿಯಲ್ಲಿ ಸೋತಿದ್ದ ತಂಡ ಇದು! ವಿಶ್ವಕಪ್‌ಗೆ ಹೋಗುವವರು ಆಫ್ರಿಕಾ ಕಪ್‌ಗೆ ಹೋಗಲಿಲ್ಲ ಅನ್ನೋದು ವಿಚಿತ್ರವೇ. ಇಂಥ ತಂಡದಲ್ಲಿ ಆಸರೆಗೆ ಆಟಗಾರರು ಕಡಿಮೆ. ಇಬ್ಬರು ಮುಖ್ಯರು ಇಲ್ಲದಿದ್ದರೆ ಅದು ಬೇರೆ ತಂಡವೇ ಆಗಿಬಿಡುತ್ತದೆ.

ಮೂರು ವಾರದ ಮೊದಲ ತಲೆನೋವು ದೇಹದ ಲಯ. ಪೋರ್ಚುಗಲ್, ಸ್ಪೇನ್, ಹಾಲೆಂಡ್‌ಗಳಲ್ಲಿ ಆಡುವವರು ಆಗಸ್ಟ್‌ನಿಂದ ಮೇವರೆಗೆ ಓಡಿ ಓಡಿ ಸುಸ್ತಾಗಿ ಬರುತ್ತಾರೆ. ಅವರಿಗೆ ವಿಶ್ರಾಂತಿ ಬೇಕು. ಐರ್ಲೆಂಡ್‌ನ ಲೀಗ್ ಶುರುವಾಗುವುದೇ ಫೆಬ್ರವರಿಯಲ್ಲಿ. ಹಾಗಾಗಿ ಲೋಪೆಸ್ ಬರುವುದು ಅರ್ಧ ಸೀಸನ್ ಮುಗಿಸಿ, ಒಳ್ಳೆಯ ಲಯದಲ್ಲಿ. ಅಮೆರಿಕದ ಕೊಲಂಬಸ್‌ನಲ್ಲಿ ಆಡುವ ಸ್ಟೀವನ್ ಮೊರೇರಾ ಅವರದ್ದೂ ಅದೇ ಕತೆ. ಒಬ್ಬೊಬ್ಬರಿಗೆ ಒಂದೊಂದು ಥರದ ಅಭ್ಯಾಸ ಕೊಟ್ಟು, ಜೂನ್ 15ಕ್ಕೆ ಎಲ್ಲರನ್ನೂ ಒಂದೇ ಹದಕ್ಕೆ ತರಬೇಕು.

ಎರಡನೆಯದು 26 ಜನರ ಪಟ್ಟಿ. ಅರ್ಹತೆ ಸಿಕ್ಕ ಮೇಲೆ ಇಂಥ ತಂಡದ ಕೋಚ್‌ಗೆ ಫೋನ್ ಕರೆಗಳು ಜಾಸ್ತಿಯಾಗುವುದು ಸಹಜ. ನಮ್ಮಜ್ಜಿಯೂ ಅಲ್ಲಿಯವರೇ, ಈಗ ಬರಬಹುದಾ? ಗೆದ್ದ ಎತ್ತಿನ ಬಾಲ ಹಿಡಿಯುವವರು ಎಲ್ಲ ಕಡೆ ಇರುತ್ತಾರೆ. ಅವರಲ್ಲಿ ಕೆಲವರು ನಿಜಕ್ಕೂ ಇರುವವರಿಗಿಂತ ಒಳ್ಳೆಯ ಆಟಗಾರರೂ ಆಗಿರುತ್ತಾರೆ, ಕಷ್ಟ ಇರೋದು ಅಲ್ಲೇ. ಪ್ರಾಯಾದ ಬಿಸಿಲಲ್ಲಿ ಮಾರಿಷಸ್ ವಿರುದ್ಧ 1-0ಯಿಂದ ಗೆದ್ದಾಗ ಇದ್ದವನನ್ನು ಬಿಟ್ಟು, ನಿನ್ನೆ ಬಂದವನನ್ನು ಸ್ಪೇನ್ ವಿರುದ್ಧ ಆಡಿಸುವುದಾ? ಕಾಗದದ ನಿಯಮ ಇದಕ್ಕೆ ಉತ್ತರ ಕೊಡುವುದಿಲ್ಲ. ನನ್ನನ್ನು ಕೇಳಿದರೆ ಒಬ್ಬಿಬ್ಬರಿಗಿಂತ ಜಾಸ್ತಿ ಹೊಸಬರನ್ನು ಸೇರಿಸುವುದು ತಪ್ಪು. ಈ ತಂಡದ ಶಕ್ತಿಯೇ ರಕ್ಷಣೆಯ ಸಾಲಿನ ಹೊಂದಾಣಿಕೆ. ಅದು ಮೂರು ವಾರದಲ್ಲಿ ಹುಟ್ಟುವಂಥದ್ದಲ್ಲ.

ಇನ್ನು ದುಡ್ಡು. 2025ರ ಡಿಸೆಂಬರ್‌ನಲ್ಲಿ ಫಿಫಾ ಪ್ರಕಟಿಸಿದ ಪ್ರಕಾರ, ಮೂರೂ ಪಂದ್ಯ ಸೋತು ಮನೆಗೆ ಹೋದರೂ ಪ್ರತಿ ದೇಶಕ್ಕೂ 1.05 ಕೋಟಿ ಡಾಲರ್ ಖಚಿತ. ನಮ್ಮ ರೂಪಾಯಿಯಲ್ಲಿ 90 ಕೋಟಿಗೂ ಜಾಸ್ತಿ. ಅದರಲ್ಲಿ 15 ಲಕ್ಷ ಡಾಲರ್ ಸಿದ್ಧತೆಯ ಖರ್ಚಿಗೆಂದೇ ಇದೆ. ಜರ್ಮನಿಗೋ ಇಂಗ್ಲೆಂಡಿಗೋ ಇದು ಚಿಲ್ಲರೆ ಕಾಸು. ಫಿಫಾದ ಅಭಿವೃದ್ಧಿ ನಿಧಿಯಿಂದ ಒಂದು ಸಂಘಕ್ಕೆ 2023ರಿಂದ 2026ರವರೆಗಿನ ನಾಲ್ಕು ವರ್ಷಕ್ಕೆ ಸಿಗುವುದು ಹೆಚ್ಚೆಂದರೆ 80 ಲಕ್ಷ ಡಾಲರ್. ಅಂದರೆ ಆ ನಾಲ್ಕು ವರ್ಷದ ಗಂಟಿಗಿಂತ ದೊಡ್ಡದು ಒಂದೇ ತಿಂಗಳಲ್ಲಿ ಬರುತ್ತದೆ. ದ್ವೀಪದಿಂದ ದ್ವೀಪಕ್ಕೆ ಹುಡುಗರನ್ನು ಆಡಲು ಕಳಿಸುವ ವಿಮಾನದ ಖರ್ಚಿಗೆ ಅದರಲ್ಲಿ ಒಂದು ಪಾಲು ಹೋದರೂ ಸಾಕು, ಮುಂದಿನ ಸ್ತೊಪಿರಾ ಬೇಗ ಸಿಗುತ್ತಾನೆ.

ಕೊನೆಯದು ಲೆಕ್ಕಾಚಾರ. ಹನ್ನೆರಡು ಗುಂಪು, ಪ್ರತಿ ಗುಂಪಿನಿಂದ ಇಬ್ಬರು ಮುಂದಿನ ಸುತ್ತಿಗೆ. ಅದರ ಜೊತೆ ಮೂರನೆಯ ಸ್ಥಾನದಲ್ಲಿರುವ ಹನ್ನೆರಡು ತಂಡಗಳಲ್ಲಿ ಉತ್ತಮ ಎಂಟು. ಹಾಗಾಗಿ ಒಂದು ಗೆಲುವು ಸಿಕ್ಕರೂ ಆಸೆ ಇಟ್ಟುಕೊಳ್ಳಬಹುದು. ಇಲ್ಲಿ ಗೋಲಿನ ಅಂತರ ಮುಖ್ಯವಾಗುತ್ತದೆ. ಸ್ಪೇನ್ ವಿರುದ್ಧ 0-1ರಿಂದ ಸೋಲುವುದಕ್ಕೂ 0-5ರಿಂದ ಸೋಲುವುದಕ್ಕೂ ಹಿಂದಿನ ಪದ್ಧತಿಯಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. ಈಗ ಅದೇ ಮುಂದಿನ ಸುತ್ತಿನ ಟಿಕೆಟ್ ಆಗಬಹುದು. ಎಂಟು ಅರ್ಹತಾ ಪಂದ್ಯಗಳಲ್ಲಿ ಒಂದೇ ಗೋಲು ಬಿಟ್ಟ ತಂಡಕ್ಕೆ ಈ ನಿಯಮ ಹೇಳಿ ಮಾಡಿಸಿದ ಹಾಗಿದೆ. ಎಲ್ಲವೂ ಸೌದಿ ಪಂದ್ಯದವರೆಗೆ ಉಸಿರು ಹಿಡಿದುಕೊಂಡು ಉಳಿಯುತ್ತಾರಾ ಎನ್ನುವುದರ ಮೇಲಿದೆ.

ಅಟ್ಲಾಂಟಾದ ಪಂದ್ಯ ಶುರುವಾಗುವಾಗ ನಮಗೆ ರಾತ್ರಿ ಒಂಬತ್ತೂವರೆ. ಕೇಪ್ ವರ್ಡೆಯಲ್ಲಿ ಮಧ್ಯಾಹ್ನ ಮೂರು, ಸೋಮವಾರ. ರಾಟರ್‌ಡ್ಯಾಮ್‌ನಲ್ಲಿ ಸಂಜೆ ಆರು, ಜನ ಕೆಲಸ ಮುಗಿಸಿ ಮನೆಗೆ ಬರುವ ಹೊತ್ತು. ಅಮೆರಿಕದ ಬ್ರಾಕ್ಟನ್, ನ್ಯೂ ಬೆಡ್‌ಫರ್ಡ್‌ಗಳಲ್ಲಿ ಮಧ್ಯಾಹ್ನ ಹನ್ನೆರಡು. ತಂಡದ ಪಟ್ಟಿ ಪರದೆ ಮೇಲೆ ಬಂದಾಗ ಪ್ರತಿ ಊರಿನಲ್ಲೂ ಯಾರೋ ಒಬ್ಬರು ಬೆರಳು ತೋರಿಸಿ ಹೇಳುತ್ತಾರೆ: ಇವನು ನಮ್ಮ ಬೀದಿಯ ಹುಡುಗ.